ಗಸ್ತಿನವನ ಹೆಗಲ ಕೋವಿ

ಪೋಲೀಸ್ ಪೇದೆಯ ಕೈಯಲ್ಲಿ ಎಂಥ ಕೋವಿ ಇರಬೇಕೆಂಬುದು ಸಾಹಿತ್ಯದ ಪುಟಕ್ಕೆ ಸಲ್ಲುವ ಪ್ರಶ್ನೆಯೇ ಎಂದು ವಾಚಕರು ಹುಬ್ಬೇರಿಸಬಹುದು. ಅದು ಬರಿಯ ಕಬ್ಬಿಣದ ಮತ್ತು ಮದ್ದಿನ ಮಾತಾಗಿದ್ದರೆ ನಾನೂ ಅದರ ಗೊಡವೆಗೆ ಹೋಗುತ್ತಿರಲಿಲ್ಲ. ಆದರೆ ಸರ್ಕಾರವೊಂದು ತನ್ನ ಪೇದೆಯನ್ನು ಎಷ್ಟು ನಂಬುತ್ತದೆ, ತನ್ನ ಪ್ರಜೆಗೆ ಎಷ್ಟು ಹೆದರುತ್ತದೆ ಎಂಬುದನ್ನು ಯಾವ ಘೋಷಣೆಗಿಂತಲೂ ಚೆನ್ನಾಗಿ ಆ ಪೇದೆಯ ಹೆಗಲ ಮೇಲಿನ ಕೋವಿಯೇ ಹೇಳಿಬಿಡುತ್ತದೆ. ನಮ್ಮ ಮೈಸೂರಿನಲ್ಲಂತೂ ಈ ಕಥೆ ಮೂರು ಶತಮಾನದಷ್ಟು ಹಳೆಯದು.

ಈಗ ಪೋಲೀಸ್ ಅಧಿಕಾರಿಗಳ ನಡುವೆ ನಡೆಯುವ ವಾದ ಹೀಗಿದೆ: ಗಸ್ತು ತಿರುಗುವವನಿಗೆ ಕಾರ್ಬೈನ್ ಕೊಡಬೇಕೋ, ರೈಫಲ್ ಕೊಡಬೇಕೋ? ಕಾರ್ಬೈನ್ ಎಂದರೆ ಮೂಲತಃ ರಾವುತನ ಗಿಡ್ಡ ಕೋವಿ. ಕುದುರೆಯ ಮೇಲೆ ಉದ್ದನೆಯ ನಳಿಗೆಯನ್ನು ಹೊತ್ತು ತಿರುಗುವುದು ಕಷ್ಟವಾದ್ದರಿಂದ ಹುಟ್ಟಿದ್ದು. ಇಂದು ವಾದದಲ್ಲಿರುವ ಕಾರ್ಬೈನು ಪಿಸ್ತೂಲಿನ ತೋಟಾವನ್ನೇ ನುಂಗಿ ಉಗುಳುವಂಥದು. ಒಂಬತ್ತು ಮಿಲಿಮೀಟರಿನ ಆ ಗುಂಡು ಸುಮಾರು ಏಳೂವರೆ ಗ್ರಾಂ ತೂಗುತ್ತದೆ. ಸೆಕೆಂಡಿಗೆ ನಾನೂರು ಮೀಟರಿಗೆ ತುಸು ಕಡಮೆ ವೇಗದಲ್ಲಿ ಹೊರಡುತ್ತದೆ. ನಮ್ಮ ಠಾಣೆಗಳಲ್ಲಿ ತಲೆಮಾರುಗಳ ಕಾಲ ಗೋಡೆಗೊರಗಿ ನಿಂತಿದ್ದ ತ್ರೀ-ನಾಟ್-ತ್ರೀ ರೈಫಲಿನ ಗುಂಡಾದರೋ ಹನ್ನೊಂದು ಗ್ರಾಮಿಗೂ ಹೆಚ್ಚು ತೂಗಿ, ಸೆಕೆಂಡಿಗೆ ೭೪೦ ಮೀಟರಿನಷ್ಟು ವೇಗದಲ್ಲಿ ಹೋಗುತ್ತದೆ. ಹೊಡೆತದ ಬಲ ಐದು ಪಟ್ಟಿಗೂ ಮಿಗಿಲು. ಆ ಹಳೆಯ ರೈಫಲಿನ ಗುರಿಪಟ್ಟಿಯ ಮೇಲೆ ೨೦೦೦ ಗಜದವರೆಗೆ ಅಂಕಿಗಳಿದ್ದವು. ಸ್ಟರ್ಲಿಂಗ್ ಕಾರ್ಬೈನಿನ ಮೇಲೆ ೧೦೦, ೨೦೦ ಎಂಬ ಎರಡೇ. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ನಿಂತವನಿಗೆ ಒಂದು ಸಾಕಾದೀತು, ಸಂತೇಪೇಟೆಯ ಸಂದಿಯಲ್ಲಿ ನಿಂತವನಿಗೆ ಇನ್ನೊಂದು.

ಈ ವಾದವೆಲ್ಲ ಹುಟ್ಟುವುದಕ್ಕೆ ಮೊದಲು ನಮ್ಮಲ್ಲಿ ಕಂದಾಚಾರವಿತ್ತು. ಚಿಕ್ಕದೇವರಾಜ ಒಡೆಯರ ಅಠಾರ ಕಚೇರಿಯ ಹದಿನೆಂಟು ಚಾವಡಿಗಳಲ್ಲಿ ಅದೂ ಒಂದು. ೧೭೯೯ರ ನಂತರ ಪೂರ್ಣಯ್ಯನವರ ಆಡಳಿತದಲ್ಲಿ ಸುಮಾರು ಇಪ್ಪತ್ತು ಸಾವಿರ ಮಂದಿ ಕಂದಾಚಾರದ ಆಳುಗಳಿದ್ದರು. ಊರಿನಲ್ಲಿದ್ದು ಹೊಲ ಉಳುವವರೂ ಅವರೇ, ಕಳ್ಳನನ್ನು ಅಟ್ಟುವವರೂ ಅವರೇ, ಅಮಲ್ದಾರನ ಹಿಂದೆ ಕಂದಾಯಕ್ಕೆ ಓಡುವವರೂ ಅವರೇ. ಅವರ ಆಯುಧ ಬಹುಮಟ್ಟಿಗೆ ಕತ್ತಿ, ಈಟಿ, ಬತ್ತಿಕೋವಿ. ಇವರಿಗೆ ಎಂಥ ಕೋವಿ ಕೊಡೋಣವೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಊರಿನವನ ಕೈಯಲ್ಲಿರುವುದೂ ಪೇದೆಯ ಕೈಯಲ್ಲಿರುವುದೂ ಹೆಚ್ಚುಕಡಮೆ ಒಂದೇ ಆಗಿತ್ತು. ೧೮೩೧ರಲ್ಲಿ ಆಡಳಿತ ಕಮಿಷನರುಗಳ ಕೈಗೆ ಹೋಯಿತು. ಕಾಲಕ್ರಮದಲ್ಲಿ ಕಂದಾಚಾರ ಕರಗಿ, ಸಮವಸ್ತ್ರದ ಪೋಲೀಸು ಬಂತು.

ನಿಜವಾದ ತಿರುವು ಬಂದದ್ದು ೧೮೫೭ರ ದಂಗೆಯಿಂದ. ಅದನ್ನು ಅಡಗಿಸಿದ ಮೇಲೆ ಆಂಗ್ಲರು ಒಂದು ವಿಚಿತ್ರ ಕೆಲಸ ಮಾಡಿದರು. ರೈಫಲಿನ ನಳಿಗೆಯೊಳಗೆ ಸುರುಳಿ ಗೆರೆಗಳಿರುತ್ತವೆ. ಗುಂಡು ತಿರುಗುತ್ತ ಹೊರಟು ನೇರವಾಗಿ ಹೋಗುವುದು ಅವುಗಳಿಂದ. ದೇಶೀಯ ಸಿಪಾಯಿಗಳಿಗೆಂದು ಆ ಗೆರೆಗಳನ್ನೇ ಕೊರೆದು ನುಣುಪು ಮಾಡಿದ ಬಂದೂಕನ್ನು ಹೊರತಂದರು. ಒಳ್ಳೆಯ ಕೋವಿಯನ್ನು ಖರ್ಚು ಮಾಡಿ ಕೆಡಿಸುವುದು! ಇಂಥ ಜಾಣತನಕ್ಕೆ ಭಯದ ಹೊರತು ಬೇರೆ ಕಾರಣ ನನಗೆ ತೋರದು.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಅದೇ ಉಪಾಯ ಮತ್ತೆ ತಲೆಯೆತ್ತಿತು. ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ತ್ರೀ-ನಾಟ್-ತ್ರೀ ರೈಫಲುಗಳ ನಳಿಗೆಯನ್ನು ನುಣುಪಾಗಿಸಿ, ತೋಟಾ ತುಂಬುವ ಪೆಟ್ಟಿಗೆಯ ಜಾಗಕ್ಕೆ ಮರದ ತುಂಡನ್ನು ಬಡಿದು, ಒಂದು ಸಲಕ್ಕೆ ಒಂದೇ ಗುಂಡು ಹಾರಿಸಬಲ್ಲ ಫೋರ್-ಟೆನ್ ಮಸ್ಕೆಟ್ಟನ್ನು ತಯಾರಿಸಿದರು. ಹಿಂದೂಸ್ಥಾನದ ಪೋಲೀಸರಿಗೂ ಸೆರೆಮನೆಯ ಕಾವಲುಗಾರರಿಗೂ ಕೊಟ್ಟದ್ದು ಇದನ್ನೇ. ಹೊರಗಿನಿಂದ ನೋಡಿದರೆ ಸೈನ್ಯದ ರೈಫಲಿನ ತದ್ರೂಪು. ಒಳಗೆ ಹಲ್ಲು ಕಿತ್ತ ಹಾವು. ಇದರ ತೋಟಾವೇ ಬೇರೆ. ಯಾರಾದರೂ ಕೋವಿಯನ್ನು ಕಸಿದುಕೊಂಡು ಹೋದರೆ ಸೈನ್ಯದ ತೋಟಾ ಅದಕ್ಕೆ ಕೂರುವುದಿಲ್ಲ. ಗುಂಪಿನ ಮೇಲೆ ಹಾರಿಸಿದರೆ ಗುಂಡು ಬಹುದೂರ ಹೋಗಿ ದಾರಿಹೋಕನನ್ನು ಕೊಲ್ಲುವ ಸಂಭವವೂ ಕಡಮೆ. ಈ ಎರಡನೆಯ ಕಾರಣದಲ್ಲಿ ದಯೆಯ ಅಂಶವಿದೆಯೆಂದು ಒಪ್ಪುತ್ತೇನೆ. ಮೊದಲನೆಯದು ಪೇದೆಯ ಮೇಲಿನ ಅಪನಂಬಿಕೆ.

ದಯೆಯ ಲೆಕ್ಕ ಪ್ರಜೆಗೆ ಎಷ್ಟು ದಕ್ಕಿತು? ೧೯೩೮ರ ಏಪ್ರಿಲ್ ೨೫ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ನೆರೆದ ಜನರ ಮೇಲೆ ಮೈಸೂರು ಸಂಸ್ಥಾನದ ಪೋಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು ಹತ್ತು ಮಂದಿ. ಅಲ್ಲಿನ ಸ್ಮಾರಕದಲ್ಲಿ ಮೂವತ್ತೆರಡು ಹೆಸರುಗಳಿವೆ. ಒಂಬತ್ತು ವರ್ಷ ಕಳೆದು, ೧೯೪೭ರ ಸೆಪ್ಟೆಂಬರಿನಲ್ಲಿ, ದೇಶವೆಲ್ಲ ಸ್ವತಂತ್ರವಾಗಿ ಮೈಸೂರಿನಲ್ಲಿ ಮಾತ್ರ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ನಡೆಯುತ್ತಿದ್ದಾಗ, ನಮ್ಮ ನಗರದ ಮಧ್ಯದಲ್ಲೇ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದ. ಆತ ಬಿದ್ದ ಜಾಗ ಇಂದು ರಾಮಸ್ವಾಮಿ ವೃತ್ತ. ಬಸ್ಸಿಗೆ ಕಾಯುವ ಎಷ್ಟು ಮಂದಿಗೆ ಆ ಹೆಸರಿನ ಹಿಂದೆ ಒಬ್ಬ ಹುಡುಗನಿದ್ದಾನೆಂದು ನೆನಪಿದೆಯೋ ಕಾಣೆ. ನಾನು ಆ ದಾರಿಯಲ್ಲಿ ಹಾಯುವಾಗಲೆಲ್ಲ ಅಳತೆ ಮಾಡುತ್ತೇನೆ: ವೃತ್ತದ ಈ ಕಡೆಯಿಂದ ಆ ಕಡೆಗೆ ಎಷ್ಟು ದೂರ? ಅಷ್ಟರಲ್ಲಿ ರೈಫಲೇನು, ಕಾರ್ಬೈನೇನು, ಪಿಸ್ತೂಲೇನು, ಎಲ್ಲವೂ ಒಂದೇ. ಕೋವಿಯ ಜಾತಿಗಿಂತ ಗುಂಡಿನ ಅಪ್ಪಣೆ ಯಾರದು ಎಂಬುದೇ ಅಲ್ಲಿ ಮುಖ್ಯವಾಗುತ್ತದೆ.

ಕಾರ್ಬೈನು ನಮ್ಮಲ್ಲಿಗೆ ಯುದ್ಧದ ಬಾಲ ಹಿಡಿದು ಬಂತು. ಮೊದಲು ಸ್ಟೆನ್, ಅಗ್ಗದ್ದು, ಕೈ ಜಾರಿ ನೆಲಕ್ಕೆ ಬಿದ್ದರೆ ತಾನಾಗಿ ಸಿಡಿಯುತ್ತದೆಂಬ ಕೆಟ್ಟ ಹೆಸರಿನದು. ೧೯೬೦ರ ದಶಕದಲ್ಲಿ ಕಾನ್ಪುರದ ಕಾರ್ಖಾನೆ ಸ್ಟರ್ಲಿಂಗನ್ನು ಪರವಾನಗಿ ಪಡೆದು ತಯಾರಿಸತೊಡಗಿತು. ಎರಡೂ ಮುಕ್ಕಾಲು ಕಿಲೋದಷ್ಟು ತೂಕ, ಮಡಿಚಿದರೆ ಮೊಳದುದ್ದ, ಪೆಟ್ಟಿಗೆಯಲ್ಲಿ ಮೂವತ್ತನಾಲ್ಕು ಗುಂಡು. ನಾಲ್ಕು ಕಿಲೋ ತೂಗುವ, ಹತ್ತೇ ಗುಂಡಿನ ರೈಫಲನ್ನು ಹೊತ್ತು ಜೀಪಿನಿಂದ ಇಳಿಯಲು ತಿಣುಕುತ್ತಿದ್ದವನಿಗೆ ಇದು ವರವಾಗಿ ಕಂಡಿದ್ದರೆ ಆಶ್ಚರ್ಯವೇನು? ಅಂಗಡಿಸಾಲು, ಜಾತ್ರೆ, ಜಂಬೂಸವಾರಿಯ ಜನಸಾಗರ, ಇಂಥ ಕಡೆ ಮೈಲಿ ದೂರ ಹಾರುವ ಗುಂಡು ಯಾರಿಗೆ ಬೇಕು?

ಆದರೆ ಮೈಸೂರು ಪೋಲೀಸ್ ಸೂಪರಿಂಟೆಂಡೆಂಟರ ಅಧಿಕಾರ ದೇವರಾಜ ಮಾರುಕಟ್ಟೆಯಲ್ಲಿ ಮುಗಿಯುತ್ತಿರಲಿಲ್ಲ. ೧೯೯೭ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಗುವ ತನಕ ಕೊಳ್ಳೇಗಾಲ, ಮಲೆಮಹದೇಶ್ವರ ಬೆಟ್ಟದ ಕಾಡೆಲ್ಲ ಅವರದೇ. ಒಂದು ತುದಿಯಲ್ಲಿ ಅಗ್ರಹಾರದ ಓಣಿ, ಇನ್ನೊಂದು ತುದಿಯಲ್ಲಿ ವೀರಪ್ಪನ್. ೧೯೯೨ರ ಮೇ ತಿಂಗಳಲ್ಲಿ ಅವನ ತಂಡ ರಾಮಾಪುರದ ಠಾಣೆಯ ಮೇಲೆ ಬಿದ್ದು ಐವರು ಪೋಲೀಸರನ್ನು ಕೊಂದು ಆಯುಧಗಳನ್ನು ದೋಚಿತು. ಈಶಾಪುರದಲ್ಲಿ ಮರದ ತುಂಡು ಬಡಿದವರು ಹೆದರಿದ್ದು ಇದಕ್ಕೇ ಎಂದು ಹೇಳಬಹುದು; ಆದರೆ ಆ ಠಾಣೆಯಲ್ಲಿ ಮಲಗಿದವರಿಗೆ ಹಲ್ಲಿಲ್ಲದ ಕೋವಿಯಿಂದ ಏನು ರಕ್ಷೆ ಸಿಗುತ್ತಿತ್ತು? ಆಗಸ್ಟ್ ೧೪ರಂದು ಮೀಣ್ಯದ ಕಾಡುದಾರಿಯಲ್ಲಿ ಹೊಂಚಿಗೆ ಸಿಕ್ಕಿ ಮೈಸೂರಿನ ಸೂಪರಿಂಟೆಂಡೆಂಟ್ ಟಿ. ಹರಿಕೃಷ್ಣ, ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಜೊತೆಗಿದ್ದ ಪೇದೆಗಳು ಪ್ರಾಣ ತೆತ್ತರು. ಬಂಡೆಯ ಮರೆಯಿಂದ, ಎತ್ತರದಿಂದ ಬರುವ ಗುಂಡಿಗೆ ಇನ್ನೂರು ಗಜದ ಕಾರ್ಬೈನು ಉತ್ತರ ಕೊಡಲಾರದು. ಕಾಡಿನಲ್ಲಿ ರೈಫಲೇ ಬೇಕು. ಈ ಮಾತಿನಲ್ಲಿ ನನಗೆ ಎರಡನೆಯ ಯೋಚನೆಯಿಲ್ಲ.

ಹಾಗಾದರೆ ಊರಿಗೆ ಕಾರ್ಬೈನು, ಕಾಡಿಗೆ ರೈಫಲು ಎಂದು ಗೆರೆ ಎಳೆದುಬಿಡಬಹುದಲ್ಲ? ಎಳೆದಿದ್ದೆವು. ೨೦೦೬ರ ಅಕ್ಟೋಬರಿನ ಕೊನೆಯಲ್ಲಿ ಮೈಸೂರು ನಗರದಲ್ಲೇ ಇಬ್ಬರು ಪಾಕಿಸ್ತಾನಿ ಉಗ್ರರು ಗುಂಡಿನ ಚಕಮಕಿಯ ನಂತರ ಸೆರೆ ಸಿಕ್ಕಿದರು. ಅವರ ಬಳಿ ಇದ್ದದ್ದು ಎ.ಕೆ. ರೈಫಲು. ಕಾಡಿನ ಆಯುಧ ಬಡಾವಣೆಗೆ ಬಂದಿತ್ತು. ಎರಡು ವರ್ಷದ ಮೇಲೆ ಮುಂಬಯಿಯ ರೈಲ್ವೆ ನಿಲ್ದಾಣದಲ್ಲಿ ನಡೆದದ್ದನ್ನು ಎಲ್ಲರೂ ಬಲ್ಲರು. ತ್ರೀ-ನಾಟ್-ತ್ರೀ ದುರ್ಬಲವಾದ್ದರಿಂದ ಅಲ್ಲಿ ಪೋಲೀಸರು ಸೋತರೆಂದು ಜನ ಮಾತಾಡಿಕೊಂಡರು. ಇದು ಸರಿಯಲ್ಲ. ಎ.ಕೆ.ಯ ಗುಂಡಿಗಿಂತ ಆ ಮುದಿ ರೈಫಲಿನ ಗುಂಡಿಗೇ ಬಲ ಹೆಚ್ಚು. ಒಂದೊಂದು ಗುಂಡಿಗೂ ಬೋಲ್ಟನ್ನು ಹಿಂದೆ ಮುಂದೆ ಎಳೆಯಬೇಕಾದ್ದು, ಹತ್ತಕ್ಕೆ ಮುಗಿದುಹೋಗುವುದು, ಇವು ಅದನ್ನು ಸೋಲಿಸಿದವು.

ಅಮೆರಿಕದವರು ಇದೇ ಪಾಠವನ್ನು ಬೇರೆ ರೀತಿಯಲ್ಲಿ ಕಲಿತರು. ೧೯೯೭ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸಿನ ಒಂದು ಬ್ಯಾಂಕಿನ ಮುಂದೆ ಕವಚ ತೊಟ್ಟ ಇಬ್ಬರು ದರೋಡೆಕಾರರ ಮೇಲೆ ಪೋಲೀಸರ ಒಂಬತ್ತು ಮಿಲಿಮೀಟರಿನ ಗುಂಡುಗಳು ನಾಟಲೇ ಇಲ್ಲ. ಪೋಲೀಸರು ಹತ್ತಿರದ ಕೋವಿ ಅಂಗಡಿಗೆ ಓಡಿ ರೈಫಲು ಕೇಳಿ ತರಬೇಕಾಯಿತು. ಆಮೇಲೆ ಅಲ್ಲಿನ ಗಸ್ತಿನ ಕಾರುಗಳಲ್ಲಿ ರೈಫಲು ಸಾಮಾನ್ಯವಾಯಿತು. ಆಗ ಮಾಡಿದ ಪರೀಕ್ಷೆಗಳಲ್ಲಿ ಹೊರಬಿದ್ದ ಒಂದು ಸಂಗತಿ ನಮ್ಮ ಊಹೆಗೆ ತೀರ ವಿರುದ್ಧವಾದದ್ದು. ಪಿಸ್ತೂಲಿನ ನಿಧಾನವಾದ, ದಪ್ಪ ಗುಂಡು ತೆಳುಗೋಡೆಗಳನ್ನು ತೂರಿಕೊಂಡು ಪಕ್ಕದ ಕೋಣೆಗೆ ನುಗ್ಗುತ್ತದೆ, ಈಗಿನ ೫.೫೬ ರೈಫಲಿನ ಹಗುರವಾದ, ಅತಿ ವೇಗದ ಗುಂಡು ಅನೇಕ ವೇಳೆ ಮೊದಲ ಗೋಡೆಯಲ್ಲೇ ಹೊರಳಿ, ಒಡೆದು, ಬಲಗುಂದುತ್ತದೆ. ಅಂದರೆ ಊರಿನೊಳಗೆ ಕಾರ್ಬೈನೇ ಸಾಧು ಎಂಬ ನಂಬಿಕೆಗೆ ಅರ್ಧ ಆಧಾರ ಮಾತ್ರ ಇದೆ. ಬಯಲಿನಲ್ಲಿ, ಗುರಿ ತಪ್ಪಿದರೆ, ರೈಫಲಿನ ಗುಂಡು ಇಂದಿಗೂ ಬಹುದೂರ ಹೋಗುವುದೇ. ತಡೆಯುವ ಗೋಡೆಯಿಲ್ಲದ ಜಂಬೂಸವಾರಿಯ ಬೀದಿಯಲ್ಲಿ ನಾನು ಅದನ್ನು ಒಪ್ಪಲಾರೆ.

ನನ್ನನ್ನು ಕೇಳಿದರೆ ಹೀಗೆ ಹೇಳಿಯೇನು: ದಿನದ ಗಸ್ತಿನವನ ಕೈಗೆ ಲಾಠಿ, ಜನಸಂದಣಿಯ ನಡುವೆ ಗಣ್ಯರ ಬೆನ್ನಿಗೆ ನಿಲ್ಲುವವನಿಗೆ ಕಾರ್ಬೈನು, ಗಸ್ತಿನ ವಾಹನದಲ್ಲಿ ಬೀಗದೊಳಗೆ ಒಂದು ರೈಫಲು, ಅದರ ಕೀಲಿಕೈ ವರ್ಷವಿಡೀ ಗುರಿಯ ಅಭ್ಯಾಸ ಮಾಡಿದವನ ಸೊಂಟದಲ್ಲಿ. ಅಭ್ಯಾಸಕ್ಕೆ ಬೇಕಾದ ತೋಟಾದ ಖರ್ಚು ಎಂದರೆ ಖಜಾನೆಯವರು ಮುಖ ಸಿಂಡರಿಸುತ್ತಾರೆ. ಹೊಸ ಕೋವಿ ಕೊಳ್ಳುವಾಗಿನ ಉತ್ಸಾಹ ಅಲ್ಲಿ ಕಾಣುವುದಿಲ್ಲ. ಅಂದಹಾಗೆ, ಮೈಸೂರಿನ ಪೋಲೀಸರು ತಪ್ಪದೆ ತಾಲೀಮು ಮಾಡುವ ಆಯುಧವೊಂದಿದೆ. ದಸರೆಗೆ ವಾರಗಳ ಮುಂಚಿನಿಂದ ಸಶಸ್ತ್ರ ಮೀಸಲು ಪಡೆಯವರು ಹಳೆಯ ಫಿರಂಗಿಗಳನ್ನು ತೊಳೆದು, ಮದ್ದು ಜಡಿದು, ಇಪ್ಪತ್ತೊಂದು ಕುಶಾಲತೋಪಿಗೆ ಕೈ ಪಳಗಿಸಿಕೊಳ್ಳುತ್ತಾರೆ. ಆನೆ ಕುದುರೆಗಳನ್ನೂ ಆ ಸದ್ದಿಗೆ ಒಗ್ಗಿಸಲು ಪಕ್ಕದಲ್ಲೇ ತಂದು ನಿಲ್ಲಿಸುತ್ತಾರೆ.