ನಾಯಿಗೆ ಬೇಯಿಸಿದ ರೊಟ್ಟಿ, ನಾಯಿಗೆ ನಿಲ್ಲಿಸಿದ ಕಲ್ಲು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ತನ್ನ ಮನೆಯ ನಾಯಿಗೆ ಮೂರು ವರ್ಷ ತುಂಬಿತೆಂದು ರಾಗಿಹಿಟ್ಟು, ಬಾಳೆಹಣ್ಣು, ಮೊಟ್ಟೆಗಳನ್ನು ಕಲಸಿ ಕುಕ್ಕರಿನಲ್ಲಿ ಕೇಕು ಬೇಯಿಸಿದ ಸಂಗತಿಯನ್ನು ತಿಳಿಸಿದಳು. ಅವಳ ಅತ್ತೆಯವರಿಗೆ ಇದು ಸರಿಬರಲಿಲ್ಲವಂತೆ. “ನಮ್ಮ ಕಾಲದಲ್ಲಿ ಮಕ್ಕಳಿಗೇ ಹುಟ್ಟುಹಬ್ಬವಿರಲಿಲ್ಲ, ಇನ್ನು ನಾಯಿಗೆ ಕೇಕೇ?” ಎಂದರಂತೆ. “ಸಾರ್, ಹಿಂದೆ ಎಲ್ಲಾದರೂ ನಾಯಿಗೆಂದೇ ಬೇಯಿಸುವ ಪದ್ಧತಿ ಇತ್ತೇ? ಚರಿತ್ರೆ ಪಾಠ ಮಾಡಿದವರು ನೀವು, ಹೇಳಿ” ಎಂದು ಕೇಳಿದಳು. ಫೋನಿನಲ್ಲಿ ಮುಗಿಯುವ ಉತ್ತರ ಅದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಇತ್ತು. ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಇತ್ತು. ಕ್ರಿ.ಶ. ಒಂದನೆಯ ಶತಮಾನದ ರೋಮಿನ ಕೊಲುಮೆಲ್ಲ ಎಂಬಾತ ಬೇಸಾಯವನ್ನು ಕುರಿತು ಹನ್ನೆರಡು ಭಾಗಗಳ ಗ್ರಂಥವನ್ನು ರಚಿಸಿದ್ದಾನೆ. ಹೊಲ ಕಾಯುವ, ಕುರಿ ಕಾಯುವ ನಾಯಿಗಳಿಗೆ ಏನನ್ನು ಉಣಿಸಬೇಕೆಂಬುದು ಅದರಲ್ಲಿದೆ. ಹಾಲು ಒಡೆಸಿದಾಗ ಉಳಿಯುವ ತಿಳಿನೀರಿನಲ್ಲಿ ಜವೆಗೋಧಿಯ ಹಿಟ್ಟನ್ನು ಕಲಸಿ ಕೊಡಬೇಕು. ಹಾಲು ದೊರೆಯದ ಕಡೆ ಗೋಧಿಯ ರೊಟ್ಟಿಯನ್ನು ಅವರೆಯಂತಹ ಕಾಳು ಬೇಯಿಸಿದ ಕಟ್ಟಿನಲ್ಲಿ ನೆನೆಸಿ ಕೊಡಬೇಕು. ಅದೂ ಉಗುರುಬೆಚ್ಚಗಿರುವಾಗ, ಏಕೆಂದರೆ ಕುದಿಯುವ ಕಟ್ಟು ಹುಚ್ಚು ಹಿಡಿಸುತ್ತದೆ ಎಂದು ಆತನ ನಂಬಿಕೆ. ಈ ಕೊನೆಯ ಮಾತು ತಪ್ಪು. ಆದರೆ ಉಳಿದ ಪಾಕವನ್ನು ನೋಡಿ: ನಮ್ಮ ಹಳ್ಳಿಗಳಲ್ಲಿ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ನಾಯಿಗೆ ಹಾಕುತ್ತಿದ್ದುದಕ್ಕೂ ಇದಕ್ಕೂ ಎಷ್ಟು ದೂರ? ಕೊಲುಮೆಲ್ಲನಿಗಿಂತ ಹಿಂದಿನವನಾದ ವರ್ರೊ ಕೂಡ ಹಾಲಿನಲ್ಲಿ ನೆನೆಸಿದ ಜವೆಗೋಧಿಯ ರೊಟ್ಟಿಯನ್ನೇ ಹೇಳುತ್ತಾನೆ.

ತೋಳದ ವಂಶದ ಪ್ರಾಣಿಗೆ ಹಿಟ್ಟು ಹೇಗೆ ಒಗ್ಗಿತು ಎಂದು ಕೇಳಬಹುದು. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದಕ್ಕೆ ಉತ್ತರ ಕೊಟ್ಟಿತು. ಪಿಷ್ಟವನ್ನು ಅರಗಿಸುವ ಕಿಣ್ವದ ಜೀನು ತೋಳದಲ್ಲಿ ಎರಡೇ ಪ್ರತಿಗಳಿದ್ದರೆ ನಾಯಿಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಇವೆ. ಎಂದರೆ ನಮ್ಮ ಪೂರ್ವಿಕರು ರಾಗಿ ಜೋಳ ಬೆಳೆಯುವುದನ್ನು ಕಲಿತ ಕಾಲದಲ್ಲಿ, ಅವರ ಎಂಜಲನ್ನು ತಿನ್ನುತ್ತಾ ನಾಯಿಯ ಕರುಳೂ ಬೇಸಾಯಕ್ಕೆ ಒಗ್ಗಿಕೊಂಡಿತು.

ಇನ್ನು ಅಂಗಡಿಯ ನಾಯಿ ಬಿಸ್ಕತ್ತಿನ ಕಥೆ. ಇದನ್ನು ಆರಂಭಿಸಿದವನು ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವನು; ಮೊದಲಿಗೆ ಸಿಡಿಲಿನಿಂದ ಕಟ್ಟಡಗಳನ್ನು ಕಾಪಾಡುವ ಸರಳುಗಳನ್ನು ಮಾರುತ್ತಿದ್ದವನು. ಲಂಡನ್ನಿಗೆ ಬಂದಾಗ ಬಂದರಿನಲ್ಲಿ ನಾವಿಕರು ಎಸೆದ ಒಣ ಬಿಸ್ಕತ್ತುಗಳನ್ನು ನಾಯಿಗಳು ಮುಗಿಬಿದ್ದು ತಿನ್ನುವುದನ್ನು ಕಂಡನೆಂದೂ, ಅಲ್ಲಿಂದ ಅವನಿಗೆ ಈ ಯೋಚನೆ ಹೊಳೆಯಿತೆಂದೂ ಹೇಳುತ್ತಾರೆ. ದಂತಕಥೆಯ ವಾಸನೆ ಇದೆ, ಇರಲಿ. 1860ರ ಸುಮಾರಿಗೆ ಆತ ಗೋಧಿ, ತರಕಾರಿ, ಬೀಟ್‌ರೂಟು ಮತ್ತು ಒಣಗಿಸಿದ ಮಾಂಸದಿಂದ ಮಾಡಿದ ‘ನಾಯಿ ಕೇಕು’ಗಳನ್ನು ಮಾರತೊಡಗಿದ. ಹೌದು, ಆತ ಇಟ್ಟ ಹೆಸರಿನಲ್ಲೇ ಕೇಕು ಇತ್ತು! ಬೇಟೆನಾಯಿ ಸಾಕುವ ಇಂಗ್ಲೆಂಡಿನ ಸಿರಿವಂತರೇ ಅವನ ಗಿರಾಕಿಗಳು. ಅವನ ಸಂಸ್ಥೆಗೆ ಸೇರಿದ ಚಾರ್ಲ್ಸ್ ಕ್ರಫ್ಟ್ ಎಂಬ ತರುಣ ಮುಂದೆ 1891ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ನಿನಲ್ಲಿ ತನ್ನ ಹೆಸರಿನ ಶ್ವಾನಪ್ರದರ್ಶನವನ್ನು ಆರಂಭಿಸಿದ. ಅದು ಇಂದಿಗೂ ಪ್ರಸಿದ್ಧವಾಗಿದೆ. ಮೂಳೆಯ ಆಕಾರದ ಬಿಸ್ಕತ್ತು ಬಂದದ್ದು 1908ರಲ್ಲಿ, ನ್ಯೂಯಾರ್ಕಿನ ಬೆನೆಟ್ ಕಂಪನಿಯಿಂದ. ಮನೆಯ ಒಲೆಯ ಮೇಲೆ ಬೇಯುತ್ತಿದ್ದುದು ಹೀಗೆ ಪೊಟ್ಟಣಕ್ಕೆ ಸೇರಿತು. ಆದುದರಿಂದ ನನ್ನ ಶಿಷ್ಯೆ ಮಾಡಿದ್ದು ಹೊಸ ಪರದೇಶಿ ಚಾಳಿಯೆಂದು ನನಗೆ ತೋರುವುದಿಲ್ಲ. ಪೊಟ್ಟಣದಿಂದ ಒಲೆಗೆ ಮರಳಿದ್ದಾಳೆ, ಅಷ್ಟೆ. ಮೇಣದ ಬತ್ತಿಯೊಂದೇ ಪರದೇಶದ್ದು.

ಆದರೆ ಅವಳ ಅತ್ತೆಯವರನ್ನೂ ನಾನು ಅಲ್ಲಗಳೆಯಲಾರೆ. ನಮ್ಮ ತಲೆಮಾರಿನವರು ಕಂಡ ಬಡತನ ಅಂತಹುದು. ನಾನು ಬಾಲ್ಯವನ್ನು ಕಳೆದ ಊರಿನಲ್ಲಿ ನಾಯಿಗೆಂದೇ ಬೇರೆಯಾಗಿ ಕಟ್ಟುತ್ತಿದ್ದ ಉಂಡೆಯೆಂದರೆ ಒಂದೇ: ಪುರಸಭೆಯ ಆಳುಗಳು ವಿಷ ಬೆರೆಸಿ ಮುಂಜಾವದಲ್ಲಿ ಬೀದಿಬದಿಗೆ ಇಡುತ್ತಿದ್ದ ಉಂಡೆ. ನಮ್ಮ ಮನೆಯ ಕರಿಯ ಒಂದು ದಿನ ಅದನ್ನು ತಿಂದು ಬಂದ. ಅವ್ವ ಹುಣಸೆನೀರು ಕುಡಿಸಿ ವಾಂತಿ ಮಾಡಿಸಲು ನೋಡಿದಳು. ಕೈಕಾಲು ಸೆಟೆದುಕೊಂಡು ಅರ್ಧ ಗಂಟೆಯೊಳಗೆ ಹಿತ್ತಲ ಬಾಗಿಲಲ್ಲೇ ಪ್ರಾಣ ಬಿಟ್ಟ. ಅವನು ಮನೆಯ ನಾಯಿಯೆಂದು ಗುರುತಿಸಲು ಕೊರಳಿನಲ್ಲಿ ಪಟ್ಟಿಯಿರಲಿಲ್ಲ; ಪಟ್ಟಿ ಕೊಳ್ಳುವ ಪದ್ಧತಿ ನಮ್ಮ ಕೇರಿಯಲ್ಲಿ ಯಾರಿಗೂ ಇರಲಿಲ್ಲ. ಬೀದಿನಾಯಿಗಳನ್ನು ಕೊಲ್ಲದೆ, ಶಸ್ತ್ರಚಿಕಿತ್ಸೆ ಮಾಡಿ ಲಸಿಕೆ ಹಾಕುವ ನಿಯಮಗಳನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2001ರಲ್ಲಿ. ಹುಚ್ಚುನಾಯಿಯ ಭಯ ಸುಳ್ಳಲ್ಲ, ಅದನ್ನು ಬಲ್ಲೆ. ಆದರೂ ಬಾಲ ಅಲ್ಲಾಡಿಸುತ್ತಾ ಬಂದು ತಿನ್ನುವ ಪ್ರಾಣಿಗೆ ಅನ್ನದಲ್ಲೇ ವಿಷವಿಟ್ಟದ್ದು ಇಂದಿಗೂ ನನಗೆ ಸಹ್ಯವಾಗಿಲ್ಲ.

ಇದೇ ಕನ್ನಡ ನೆಲ ನಾಯಿಗೆ ಬೇರೊಂದು ಬಗೆಯ ಮರ್ಯಾದೆಯನ್ನೂ ಕೊಟ್ಟಿದೆ. ಎಂಟನೆಯ ತರಗತಿಯಲ್ಲಿ ನಾನು ಪಠ್ಯದಾಚೆ ಹೇಳುತ್ತಿದ್ದ ಆತಕೂರಿನ ಶಾಸನ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಕಲ್ಲು ಶಕ 872ರದು, ಎಂದರೆ ಕ್ರಿ.ಶ. 949ರ ಸುಮಾರಿನದು. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ, ಚೋಳ ರಾಜಾದಿತ್ಯನನ್ನು ಗಂಗರ ಬೂತುಗ ಕೊಂದ ಸಂಗತಿ ಅದರಲ್ಲಿದೆ. ಇತಿಹಾಸಕಾರರಿಗೆ ಅದು ಮುಖ್ಯ. ನನಗೆ ಮುಖ್ಯವಾದದ್ದು ಬೇರೆ. ಬೂತುಗನ ಭಂಟ ಮಣಲೆರ. ಅವನ ಪರಾಕ್ರಮಕ್ಕೆ ಮೆಚ್ಚಿದ ಒಡೆಯ “ಏನು ಬೇಕೋ ಬೇಡಿಕೋ” ಎಂದಾಗ ಊರನ್ನು ಬೇಡಬಹುದಿತ್ತು, ಹೊನ್ನನ್ನು ಬೇಡಬಹುದಿತ್ತು. ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಕೆಲಲೆ ಎಂಬ ನಾಡಿನಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ, ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೇ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟ. ಕಲ್ಲಿನ ಮೇಲೆ ನಾಯಿ ಹಂದಿಗಳ ಕಾದಾಟವನ್ನು ಕೆತ್ತಿದ್ದಾರೆ.

ಶಾಸನದ ಕೊನೆಯ ಕಟ್ಟಳೆಯನ್ನು ಗಮನಿಸಬೇಕು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ತಾನು ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದಿದೆ. ಮನುಷ್ಯ ಉಂಡು ಉಳಿದದ್ದು ನಾಯಿಗೆ ಎಂಬುದು ಲೋಕರೂಢಿ. ಇಲ್ಲಿ ಸರದಿ ತಿರುಗಿದೆ: ಮೊದಲು ಕಾಳಿಗೆ ಸಲ್ಲಬೇಕು, ಆಮೇಲೆ ಪೂಜಾರಿಯ ಊಟ. ಮೂಲ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿರಿಸಿದರು.

ಗೊರವ ಎಂದಾಗ ಮೈಲಾರಲಿಂಗನ ಗೊರವಯ್ಯಗಳು ನೆನಪಾಗದೆ ಇರುವುದಿಲ್ಲ. ತಾವೇ ಸ್ವಾಮಿಯ ನಾಯಿಗಳೆಂದು ಬೊಗಳುತ್ತಾ, ದೋಣಿಯಲ್ಲಿ ಹಾಕಿದ ಹಾಲು ಬಾಳೆಹಣ್ಣುಗಳನ್ನು ಪೈಪೋಟಿಯಿಂದ ತಿನ್ನುವ ದೋಣಿಸೇವೆಯನ್ನು ನೀವೂ ಕಂಡಿರುತ್ತೀರಿ. ನೇಪಾಳದಲ್ಲಂತೂ ತಿಹಾರ್ ಹಬ್ಬದ ಎರಡನೆಯ ದಿನ ನಾಯಿಗಳದ್ದೇ. ಬೀದಿನಾಯಿಗೂ ಹಣೆಗೆ ತಿಲಕ, ಕೊರಳಿಗೆ ಚೆಂಡುಹೂವಿನ ಹಾರ, ತಿನ್ನಲು ವಿಶೇಷ ಭಕ್ಷ್ಯ.

ಕೇಕು ಮಾಡುವವರಿಗೆ ಎರಡು ಮಾತು ಹೇಳಲೇಬೇಕು, ಪಾಠ ಮಾಡುವ ಚಟ ನಿವೃತ್ತಿಯಾದರೂ ಹೋಗುವುದಿಲ್ಲ. ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆಗೆ ಬದಲಾಗಿ ಬಳಸುವ ಜೈಲಿಟಾಲ್ ಇವೆಲ್ಲ ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡವನ್ನು ಕೆಡಿಸುತ್ತವೆ. ಅದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬಹುದೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದ್ದಾರೆ. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಯಥೇಚ್ಛವಾಗಿದೆ. ಹಾಗಾಗಿ ಸಾರು ಕಲಸಿದ ಅನ್ನ, ಪುಳಿಯೋಗರೆಗಳನ್ನು ಹಬ್ಬದ ದಿನವೂ ಅದರ ತಟ್ಟೆಗೆ ಹಾಕಬೇಡಿ. ರಾಗಿ, ಬಾಳೆಹಣ್ಣು, ಮೊಟ್ಟೆ ಸಾಕು, ಬೆಲ್ಲವೂ ಬೇಡ.