ಪುಟ್ಟಸ್ವಾಮಿಯವರ ಅರ್ಜಿ

ಪರಸ್ಥಳದಲ್ಲಿ ಬಾಡಿಗೆ ಮನೆಗಾಗಿ ಅಲೆದ ನಮಗೆಲ್ಲ ಜೆರಾಕ್ಸ್ ಅಂಗಡಿ ಚಿರಪರಿಚಿತ. ದಲ್ಲಾಳಿಗೊಂದು, ಸೊಸೈಟಿಯ ಕಚೇರಿಗೊಂದು, ಲಾಡ್ಜಿಗೊಂದು ಎಂದು ಆಧಾರ್ ಪ್ರತಿಗಳನ್ನು ಹಂಚಿ ಬರುತ್ತೇವೆ. ಏತಕ್ಕೆ ಬೇಕೆಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಒಯ್ದವರು ಒಬ್ಬ ಕನ್ನಡಿಗರು.

ಮೊದಲ ಆಧಾರ್ ಸಂಖ್ಯೆಗಳನ್ನು ವಿತರಿಸಿದ್ದು 2010ರ ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭ್ಲಿ ಎಂಬ ಹಳ್ಳಿಯಲ್ಲಿ. ಜನರ ಬೆರಳಚ್ಚು, ಕಣ್ಣಿನ ಪಾಪೆಯ ಗುರುತುಗಳ ಸಂಗ್ರಹಕ್ಕೆ ಸಂಸತ್ತಿನ ಕಾಯಿದೆಯ ಬೆಂಬಲ ಆಗ ಇರಲಿಲ್ಲ. ಅದು ಬಂದದ್ದು 2016ರಲ್ಲಿ. 2012ರಲ್ಲಿಯೇ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ.

ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ ವಾದಿಸಿತು. ಆಧಾರವಿಲ್ಲದ ಮಾತೇನಲ್ಲ. ಉತ್ತರಪ್ರದೇಶದ ಖರಕ್ ಸಿಂಗ್ ಎಂಬಾತನ ಮೇಲಿದ್ದ ಡಕಾಯಿತಿಯ ಆರೋಪ ಸಾಕ್ಷ್ಯವಿಲ್ಲದೆ ಬಿದ್ದುಹೋಗಿತ್ತು. ಆದರೂ ಪೊಲೀಸರು ಅಪರಾತ್ರಿಯಲ್ಲಿ ಬಂದು ಅವನ ಬಾಗಿಲು ಬಡಿಯುತ್ತಿದ್ದರು. 1962ರಲ್ಲಿ ನ್ಯಾಯಾಲಯ ಆ ರಾತ್ರಿಭೇಟಿಗಳನ್ನು ರದ್ದುಪಡಿಸಿತು. ಆದರೆ ಖಾಸಗಿತನದ ಹಕ್ಕನ್ನು ಸಂವಿಧಾನ ಕೊಟ್ಟಿಲ್ಲವೆಂದೂ ಬಹುಮತದ ತೀರ್ಪು ಹೇಳಿತು. ಬಾಗಿಲು ಬಡಿಯುವುದು ತಪ್ಪು, ಬಾಗಿಲು ಮುಚ್ಚಿಕೊಳ್ಳುವ ಹಕ್ಕು ಮಾತ್ರ ಇಲ್ಲ! ನ್ಯಾಯಮೂರ್ತಿ ಸುಬ್ಬರಾವ್ ಈ ವೈರುಧ್ಯವನ್ನು ಒಪ್ಪದೆ ಭಿನ್ನಮತ ಬರೆದರು. 1954ರ ಎಂ. ಪಿ. ಶರ್ಮಾ ಪ್ರಕರಣದ ಎಂಟು ನ್ಯಾಯಮೂರ್ತಿಗಳ ತೀರ್ಪೂ ಸರ್ಕಾರದ ಪರವಾಗಿಯೇ ಇದ್ದುದರಿಂದ ಒಂಬತ್ತು ಮಂದಿಯ ಪೀಠ ಕೂರಬೇಕಾಯಿತು. ಅದರಲ್ಲಿ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಅವರೂ ಇದ್ದರು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು.

ಪೂರ್ಣ ಗೆಲುವು ಇದಲ್ಲ. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಯೋಜನೆಯನ್ನು ಎತ್ತಿಹಿಡಿಯಿತು. ತೆರಿಗೆಗೂ ಸಹಾಯಧನಕ್ಕೂ ಅದು ಉಳಿಯಿತು. ಬ್ಯಾಂಕ್ ಖಾತೆಗೂ ಮೊಬೈಲ್ ಸಿಮ್ಮಿಗೂ ಅದನ್ನು ಕಡ್ಡಾಯವಾಗಿ ಜೋಡಿಸಬೇಕೆಂಬ ನಿಯಮ ಬಿದ್ದಿತು. ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಪ್ರತಿಯನ್ನು ಈಗ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾವಾದರೋ ಹನ್ನೆರಡೂ ಅಂಕಿಗಳಿರುವ ಪ್ರತಿಯನ್ನೇ ಕೊಟ್ಟು ಬರುತ್ತೇವೆ. ಅದು ಯಾರ ಮೇಜಿನ ಖಾನೆಯಲ್ಲಿ ಉಳಿಯಿತು, ಅಲ್ಲಿಂದ ಯಾವ ವಂಚಕನ ಕೈಸೇರಿತು ಎಂಬುದನ್ನು ವಿಚಾರಿಸುವವರಿಲ್ಲ.

ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಾನೂನು ಓದುವ ಮಕ್ಕಳು ಆ ತೀರ್ಪನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ.