ಸೌರ ಜಲತಾಪಕದಲ್ಲಿ ಒತ್ತಡ ಕುಸಿತ

ಸೌರ ಜಲತಾಪಕದಲ್ಲಿ ಒತ್ತಡ ಕುಸಿತ ಎಂದರೆ ಬಿಸಿನೀರಿನ ನಲ್ಲಿಯಲ್ಲಿ ಹರಿವು ಕ್ಷೀಣಿಸುವ ದೋಷ. ಶೀತಪ್ರದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವ ಬಾಯ್ಲರ್ ಮುಚ್ಚಿದ ವ್ಯವಸ್ಥೆ. ತಣ್ಣಗಿದ್ದಾಗ ಅದರ ಒತ್ತಡ ಸಾಮಾನ್ಯವಾಗಿ 1ರಿಂದ 1.5 ಬಾರ್. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯಂತಹ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಕಾಯಿಸಬೇಕಾದುದು ಸ್ನಾನದ ನೀರು ಮಾತ್ರ. ಇಲ್ಲಿ ಬಳಸುವ ತೆರೆದ ಮಾದರಿಯ ತಾಪಕಗಳಿಗೆ ಒತ್ತಡ ದೊರೆಯುವುದು ತೊಟ್ಟಿಯ ಎತ್ತರದಿಂದ: 10 ಮೀಟರ್‌ಗೆ ಸುಮಾರು 1 ಬಾರ್.

ಕಾರಣ ಪತ್ತೆ

ತಣ್ಣೀರು, ಬಿಸಿನೀರು ಎರಡೂ ಕ್ಷೀಣಿಸಿದರೆ ತೊಟ್ಟಿಯ ಮಟ್ಟವನ್ನೂ ಮುಖ್ಯ ವಾಲ್ವನ್ನೂ ಪರಿಶೀಲಿಸಬೇಕು. ಬಿಸಿನೀರು ಮಾತ್ರ ಕ್ಷೀಣಿಸಿದರೆ ಕೊಳವೆಯಲ್ಲಿ ಸಿಕ್ಕ ಗಾಳಿ ಅಥವಾ ಗಡಸುನೀರಿನ ಸುಣ್ಣದ ಪದರ ಕಾರಣವಾಗಿರಬಹುದು. ನೀರಿನ ಪೂರೈಕೆ ನಿಲ್ಲಿಸಿ, ನಲ್ಲಿಗಳನ್ನೆಲ್ಲ ಮುಚ್ಚಿದ ಮೇಲೂ ಮಟ್ಟ ಇಳಿದರೆ ಸೋರಿಕೆ ಇದೆ ಎಂದರ್ಥ.

ಸುರಕ್ಷತೆ

ಗಾಳಿ ಹೊರಹೋಗುವ ಕೊಳವೆಯನ್ನು ಎಂದಿಗೂ ಮುಚ್ಚಬಾರದು. ನೀರು ಬರಿದಾಗಿ ಬಿಸಿಲಿಗೆ ಕಾದ ಗಾಜಿನ ಕೊಳವೆಗಳಿಗೆ ತಣ್ಣೀರು ತಗುಲಿದರೆ ಅವು ಒಡೆಯಬಹುದು. ಆದ್ದರಿಂದ ಮುಂಜಾನೆ, ಬಿಸಿಲೇರುವ ಮುನ್ನ ನೀರು ತುಂಬಿಸಬೇಕು.